ಅಮ್ಮನಿಗೊಂದು ಸಭೆ ಹುಡುಕಿದ್ದು

ಅಮ್ಮ ಹಾಸನದ ಮನೆ ಖಾಲಿ ಮಾಡಿ ನನ್ನ ಜೊತೆ ಇರಲು ಬೆಂಗಳೂರಿಗೆ ಬಂದಾಗ ಎರಡು ಟ್ರಂಕು, ಒಂದು ಗ್ರೈಂಡರ್, ದಪ್ಪಕ್ಷರದ ಒಂದು ಸತ್ಯವೇದ (ಬೈಬಲ್) ತಂದಳು. ಬಂದದ್ದು ಗುರುವಾರ. ಶನಿವಾರ ಸಂಜೆ ಸೀರೆಗೆ ಇಸ್ತ್ರಿ ಹಾಕುತ್ತಾ ಕೇಳಿದಳು, "ನಾಳೆ ಆರಾಧನೆ ಎಷ್ಟು ಗಂಟೆಗೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಊರಿಗೆ ಬಂದು ಹನ್ನೊಂದು ವರ್ಷ ಆಗಿತ್ತು. ಕ್ರಿಸ್‌ಮಸ್‌ಗೆ ಊರಿಗೆ ಹೋಗಿ ಅಮ್ಮನ ಪಕ್ಕ ಕೂತು ಬಂದರೆ ನನ್ನ ವರ್ಷದ ಲೆಕ್ಕ ಮುಗಿಯುತ್ತಿತ್ತು. ಅದನ್ನು ಅವಳಿಗೆ ಹೇಳುವ ಧೈರ್ಯ ಆಗಲಿಲ್ಲ. "ನೋಡಿ ಹೇಳ್ತೀನಿ" ಅಂದು ಫೋನ್ ತೆಗೆದೆ.

ವಿಜಯನಗರದ ಸುತ್ತ 'ಚರ್ಚ್' ಅಂತ ಹುಡುಕಿದರೆ ಪರದೆ ತುಂಬಾ ಕೆಂಪು ಚುಕ್ಕೆ. ಕೆಲವು ನೂರು ವರ್ಷದ ಕಟ್ಟಡಗಳು, ಕೆಲವು ಅಂಗಡಿಯ ಮೇಲಿನ ಒಂದು ಕೋಣೆ. ಇದರಲ್ಲಿ ನಮ್ಮದು ಯಾವುದು? ಹಾಸನದಲ್ಲಿ ಈ ಪ್ರಶ್ನೆಯೇ ಹುಟ್ಟಿರಲಿಲ್ಲ. ಅಮ್ಮ ಮಿಷನ್ ಆಸ್ಪತ್ರೆಯಲ್ಲಿ ನರ್ಸ್. ಆಸ್ಪತ್ರೆ, ಶಾಲೆ, ಸಭೆ (ಚರ್ಚಿಗೂ ಅಲ್ಲಿ ಸೇರುವ ಜನಕ್ಕೂ ನಾವು ಹೀಗೇ ಅನ್ನುವುದು) ಎಲ್ಲ ಒಂದೇ ಕೈಯ ಬೆರಳುಗಳ ಹಾಗೆ ಹತ್ತಿರ ಇದ್ದವು. ಅಲ್ಲಿ ಯಾರೂ ಸಭೆ ಆರಿಸಿಕೊಳ್ಳುತ್ತಿರಲಿಲ್ಲ, ಹುಟ್ಟುವಾಗಲೇ ಸಿಕ್ಕಿರುತ್ತಿತ್ತು.

ಮೊದಲ ಭಾನುವಾರ ಮನೆಗೆ ಹತ್ತಿರದ್ದಕ್ಕೇ ಹೋದೆವು. ಒಂದು ಕಾಂಪ್ಲೆಕ್ಸ್‌ನ ಮೂರನೇ ಮಹಡಿ. ಲಿಫ್ಟ್ ಇರಲಿಲ್ಲ. ಅಮ್ಮ ಎರಡನೇ ಮಹಡಿಯಲ್ಲಿ ಕಂಬಿ ಹಿಡಿದು ನಿಂತು, "ಯಾಕೋಬನ ಏಣಿ ಕಣೋ ಇದು" ಅಂದಳು. ಸತ್ಯವೇದದಲ್ಲಿ ಆಕಾಶ ಮುಟ್ಟುವ ಏಣಿ ಅದು. ಒಳಗೆ ಡ್ರಮ್, ಗಿಟಾರ್, ಕೀಬೋರ್ಡ್, ಆಳೆತ್ತರದ ಸ್ಪೀಕರು. ಜನ ಮಾತ್ರ ಬಹಳ ಒಳ್ಳೆಯವರು. ಕುರ್ಚಿ ಕೊಟ್ಟರು, ನೀರು ಕೊಟ್ಟರು, "ಬ್ರದರ್, ಅಮ್ಮನ ಮೊಣಕಾಲಿಗೆ ಪ್ರಾರ್ಥಿಸೋಣ್ವಾ?" ಅಂತ ಕೇಳಿ ಪ್ರಾರ್ಥನೆಯನ್ನೂ ಮಾಡಿದರು. ಸೋಮವಾರ ಮೂರು ಸಲ ಫೋನ್ ಬಂತು. ಮೂರನೆಯದರಲ್ಲಿ, "ಸಿಸ್ಟರ್ ಮುಳುಗು ದೀಕ್ಷಾಸ್ನಾನ ತಗೊಂಡಿದ್ದಾರಾ?" ಎಂಬ ಪ್ರಶ್ನೆ. ದೀಕ್ಷಾಸ್ನಾನ ಅಂದರೆ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ನೀರಿನ ಸಂಸ್ಕಾರ. ಅಮ್ಮನಿಗೆ ಅವಳು ಮೂರು ತಿಂಗಳ ಕೂಸಾಗಿದ್ದಾಗಲೇ ಹಣೆಗೆ ನೀರು ಹಾಕಿ ದೀಕ್ಷಾಸ್ನಾನ ಆಗಿದೆ. ಪೆಂತೆಕೋಸ್ತ್ ಮತ್ತು ಬ್ಯಾಪ್ಟಿಸ್ಟ್ ಸಭೆಗಳು ಶಿಶು ದೀಕ್ಷಾಸ್ನಾನ ಒಪ್ಪುವುದಿಲ್ಲ. ತಿಳಿವಳಿಕೆ ಬಂದ ಮೇಲೆ, ನೀರಲ್ಲಿ ಮುಳುಗಿಯೇ ತೆಗೆದುಕೊಳ್ಳಬೇಕು. ಇದು ಅವರ ನಂಬಿಕೆ, ತಪ್ಪು ಅನ್ನಲಾರೆ. ಆದರೆ ಸೇರುವ ಆಸೆ ಇದ್ದರೆ ಮೊದಲೇ ಕೇಳಿಕೊಳ್ಳಿ. ಆರು ತಿಂಗಳು ಹೋಗಿ, ಎಲ್ಲರ ಪರಿಚಯ ಆದ ಮೇಲೆ ಈ ಮಾತು ಬಂದರೆ ಇಬ್ಬರಿಗೂ ಕಷ್ಟ.

ಎರಡನೇ ವಾರದ ಎಡವಟ್ಟು ಪೂರಾ ನನ್ನದೇ. ಅಜ್ಜಿಯ ದೀಕ್ಷಾಸ್ನಾನದ ಚೀಟಿಯಲ್ಲಿ 'ವೆಸ್ಲಿಯನ್ ಮೆಥಡಿಸ್ಟ್' ಅಂತ ಇತ್ತು. ಹಾಗಾಗಿ 'ಮೆಥಡಿಸ್ಟ್' ಅಂತ ಬೋರ್ಡ್ ಇರುವ ಚರ್ಚೇ ನಮ್ಮದು ಅಂದುಕೊಂಡು ಅಮ್ಮನನ್ನು ಕರೆದುಕೊಂಡು ಹೋದೆ. ಪ್ರಾರ್ಥನೆ ಚೆನ್ನಾಗಿಯೇ ನಡೆಯಿತು. ಮುಗಿದ ಮೇಲೆ ಅಲ್ಲಿನ ಹಿರಿಯರೊಬ್ಬರು ನಕ್ಕು ಬಿಡಿಸಿ ಹೇಳಿದರು. ಹಳೇ ಮೈಸೂರಿನ ವೆಸ್ಲಿ ಮಿಷನ್ ಇಂಗ್ಲೆಂಡಿನಿಂದ ಬಂದದ್ದು. 1947ರ ಸೆಪ್ಟೆಂಬರ್‌ನಲ್ಲಿ ಆಂಗ್ಲಿಕನ್ನರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್‌ನವರ ಜೊತೆ ಅದೂ ಸೇರಿ ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆ ಆಯಿತು. ಅಮೆರಿಕದಿಂದ ಬಂದ ಮೆಥಡಿಸ್ಟರು ಆ ಐಕ್ಯಕ್ಕೆ ಸೇರಲಿಲ್ಲ, ಈಗಲೂ ಬೇರೆಯೇ ಇದ್ದಾರೆ. "ನಿಮ್ಮ ಅಜ್ಜಿ ಮೆಥಡಿಸ್ಟು, ನಿಮ್ಮಮ್ಮ ಸಿ.ಎಸ್.ಐ. ಮನೆ ಬದಲಾಗಿಲ್ಲ, ಬೋರ್ಡು ಬದಲಾಗಿದೆ" ಅಂದರು. ಅಮ್ಮ ಆಟೋದಲ್ಲಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಅವಳಿಗೆ ಇದೆಲ್ಲ ಗೊತ್ತಿತ್ತಂತೆ. "ನೀನು ವಿಚಾರಿಸಿರ್ತೀಯ ಅಂದ್ಕೊಂಡೆ."

ಮೂರನೇ ವಾರ ಎದುರು ಮನೆಯ ಮಂಗಳೂರಿನ ಆಂಟಿ ತಮ್ಮ ಕಥೋಲಿಕ ಚರ್ಚಿಗೆ ಕರೆದರು. ಕನ್ನಡದಲ್ಲೇ ಪೂಜೆ. 1962ರಿಂದ 65ರವರೆಗೆ ನಡೆದ ಕಥೋಲಿಕ ಬಿಷಪ್ಪರ ಮಹಾಸಭೆ, ಎರಡನೇ ವ್ಯಾಟಿಕನ್ ಸಭೆಯ ನಂತರ ಲ್ಯಾಟಿನ್ ಜಾಗಕ್ಕೆ ಊರ ಭಾಷೆಗಳು ಬಂದವು, ಇಲ್ಲದಿದ್ದರೆ ನಮಗೆ ಒಂದಕ್ಷರ ಅರ್ಥ ಆಗುತ್ತಿರಲಿಲ್ಲ. ಎಲ್ಲ ಸರಿಯಾಗಿತ್ತು, ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಬರುವವರೆಗೆ. ನಮ್ಮಲ್ಲಿ ತಂದೆ ಇರುವುದು 'ಪರಲೋಕ'ದಲ್ಲಿ, ಅವರಲ್ಲಿ 'ಸ್ವರ್ಗ'ದಲ್ಲಿ. ನಾವು 'ನಿನ್ನ' ಅನ್ನುತ್ತೇವೆ, ಅವರು 'ನಿಮ್ಮ' ಅನ್ನುತ್ತಾರೆ. ಅರವತ್ತು ವರ್ಷ ಒಂದೇ ಉಸಿರಿನಲ್ಲಿ ಹೇಳಿಕೊಂಡು ಬಂದ ಪ್ರಾರ್ಥನೆಯಲ್ಲಿ ಅಮ್ಮ ಎಡವಿದಳು. ಸುಮ್ನೆ ತುಟಿ ಮುಚ್ಚಿ ನಿಂತಳು. ಪರಮಪ್ರಸಾದ (ಪೂಜೆಯಲ್ಲಿ ಕೊಡುವ ರೊಟ್ಟಿ) ಅವರ ಸಭೆಯವರಿಗೆ ಮಾತ್ರ, ಹಾಗಾಗಿ ನಾವು ಬೆಂಚಿನಲ್ಲೇ ಉಳಿದೆವು. ಮನೆಗೆ ಬಂದು ಬಹಳ ಹೊತ್ತಿನ ಮೇಲೆ ಅಂದಳು, "ದೇವರಿಗೆ 'ನೀವು' ಅಂದ್ರೆ ನೆಂಟರನ್ನ ಮಾತಾಡಿಸಿದ ಹಾಗೆ ಆಗುತ್ತೆ, ಅಲ್ವಾ?" ಆಂಟಿಗೆ ಇದನ್ನು ಹೇಳಿದೆ. ಅವರು ಬಿಡಲಿಲ್ಲ. "ಮತ್ತೆ ನೀವು 'ನೀನು' ಅಂತೀರಲ್ಲ, ಅದು ಕೆಲಸದವರನ್ನ ಕರೆದ ಹಾಗಲ್ವಾ?" ಅಮ್ಮ, ಆಂಟಿ ಇಬ್ಬರೂ ಈಗ ಗಟ್ಟಿ ಸ್ನೇಹಿತರು. ಸೆಪ್ಟೆಂಬರ್ 8ರ ಹಬ್ಬಕ್ಕೆ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾಗೆ ಒಟ್ಟಿಗೆ ಹೋಗುತ್ತಾರೆ. ಕಾವಿ ಬಟ್ಟೆ ಉಟ್ಟು ಬರುವ ಜನರನ್ನು, ಅದರಲ್ಲಿ ಹಿಂದೂಗಳೂ ಮುಸ್ಲಿಮರೂ ಇರುವುದನ್ನು ನೋಡಿ ಬಂದು ವಾರವಿಡೀ ಅದೇ ಮಾತು.

ಅಷ್ಟರಲ್ಲಿ ನನಗೆ ಒಂದು ವಿಷಯ ಅರ್ಥವಾಗಿತ್ತು. ಅಮ್ಮ ಹುಡುಕುತ್ತಿದ್ದದ್ದು ಪ್ರಸಂಗವನ್ನಲ್ಲ (ಪಾದ್ರಿಯ ಉಪದೇಶಕ್ಕೆ ಹಾಗನ್ನುತ್ತೇವೆ), ಬಾಯಿಗೆ ಬರುವ ಮಾತುಗಳನ್ನು. ಹಾಗಾದರೆ ಮೊದಲು ಭಾಷೆ, ಆಮೇಲೆ ಸಿ.ಎಸ್.ಐ., ಆಮೇಲೆ ಮೆಟ್ಟಿಲು.

ಬೆಂಗಳೂರಿನಲ್ಲಿ ಭಾಷೆ ಹಿಡಿದು ಚರ್ಚು ಹುಡುಕುವವರು ಊರಿನ ಹಳೇ ನಕ್ಷೆ ಸ್ವಲ್ಪ ತಿಳಿದಿರಬೇಕು. 1809ರಲ್ಲಿ ಬ್ರಿಟಿಷರು ದಂಡು, ಅಂದರೆ ಕಂಟೋನ್ಮೆಂಟ್ ಕಟ್ಟಿದರು. ದಂಡಿನ ಕಡೆ ಬಂದ ಚರ್ಚುಗಳು ಸೈನಿಕರಿಗೆ, ಅವರ ಜೊತೆ ಬಂದ ತಮಿಳರಿಗೆ. ಎಂ.ಜಿ. ರಸ್ತೆಯ ಸೇಂಟ್ ಮಾರ್ಕ್ಸ್ ಕೆಥೆಡ್ರಲ್, ಅದೇ ರಸ್ತೆಯ ಇನ್ನೊಂದು ತುದಿಯ ಹೋಲಿ ಟ್ರಿನಿಟಿ, ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ ಹೀಗೆ ಬಂದವು. ಕನ್ನಡದವರು ಇದ್ದದ್ದು ಹಳೇ ಊರಾದ ಪೇಟೆಯಲ್ಲಿ, ಕನ್ನಡ ಸಭೆಗಳು ಬೆಳೆದದ್ದೂ ಅಲ್ಲೇ. ದಂಡು, ಪೇಟೆ ಎರಡೂ ಒಂದೇ ನಗರಸಭೆಯ ಕೆಳಗೆ ಬಂದದ್ದು 1949ರಲ್ಲಿ. ಆದರೆ ಚರ್ಚಿನ ಬೆಂಚುಗಳಿಗೆ ಆ ಗಡಿ ಈಗಲೂ ಗೊತ್ತು. ಈಗ ಎರಡೂ ಕಡೆ ಒಂದೇ ಕಟ್ಟಡದಲ್ಲಿ ಬೇರೆ ಬೇರೆ ಹೊತ್ತಿಗೆ ಬೇರೆ ಬೇರೆ ಭಾಷೆಯ ಆರಾಧನೆ ನಡೆಯುವುದುಂಟು. ಹಾಗಾಗಿ ಫೋನಿನಲ್ಲಿ ಕಾಣುವ ಸಮಯ ನಂಬಬೇಡಿ. ಒಂದು ವಾರ ಹಾಗೆ ನಂಬಿ ಹೋಗಿ ಇಂಗ್ಲಿಷ್ ಆರಾಧನೆಯಲ್ಲಿ ಕೂತೆವು. ಅಮ್ಮ ಎಲ್ಲದಕ್ಕೂ 'ಆಮೆನ್' ಮಾತ್ರ ಸರಿಯಾಗಿ ಹೇಳಿದಳು. ಶನಿವಾರ ಚರ್ಚ್ ಆಫೀಸಿಗೆ ಒಂದು ಫೋನ್ ಮಾಡಿದರೆ ಮುಗಿಯಿತು. ಇನ್ನೊಂದು, ಭಾನುವಾರ ಮೆಟ್ರೋ ಬೇರೆ ದಿನಕ್ಕಿಂತ ತಡವಾಗಿ ಶುರುವಾಗುತ್ತದೆ. ಬೆಳಗಿನ ಮೊದಲ ಆರಾಧನೆಗೆ ಹೊರಟವರಿಗೆ ಆಟೋನೇ ಗತಿ.

ಪೇಟೆ ಕಡೆ ಎರಡು ವಾರ ಹೋದೆವು. ಒಂದು ವಾರ ಹಡ್ಸನ್ ಸ್ಮಾರಕ ದೇವಾಲಯ. ವೆಸ್ಲಿ ಮಿಷನ್‌ನ ಜೊಸಾಯ ಹಡ್ಸನ್ ಅವರ ನೆನಪಿಗೆ 1904ರಲ್ಲಿ ಕಟ್ಟಿದ ಕಲ್ಲಿನ ಕಟ್ಟಡ. ಆ ಸರ್ಕಲ್ಲಿಗೂ ಅವರದೇ ಹೆಸರು. ನಮ್ಮವರು ಚರ್ಚಿಗೆ 'ದೇವಾಲಯ' ಅನ್ನುತ್ತಾರೆ. ಅಮ್ಮ ಆಟೋದವನಿಗೆ "ಹಡ್ಸನ್ ದೇವಾಲಯ" ಅಂದಾಗ ಅವನು, "ಯಾವ ದೇವ್ರಮ್ಮಾ?" ಅಂತ ಕೇಳಿದ. ಇನ್ನೊಂದು ವಾರ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯ. ಇದು ಲಂಡನ್ ಮಿಷನ್‌ನವರು ಕಟ್ಟಿದ್ದು. ಶಾಸನಗಳನ್ನು ಹುಡುಕಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ನಮಗೆಲ್ಲ ಗೊತ್ತು, ಚರ್ಚಿಗೆ ಇರುವುದು ಅವರ ಅಪ್ಪನ ಹೆಸರು. ಭಾನುವಾರ ಅಂಗಡಿಗಳು ಮುಚ್ಚಿ, ಫುಟ್‌ಪಾತ್ ತುಂಬಾ ಹಳೇ ಪುಸ್ತಕ ಹರಡಿರುತ್ತಾರೆ. ಆರಾಧನೆ ಮುಗಿಸಿ ಹೊರಗೆ ಬಂದ ನಾನು ಅಲ್ಲೇ ಅರ್ಧ ಗಂಟೆ ಕುಕ್ಕರಗಾಲಲ್ಲಿ ಕೂತೆ.

ಎರಡೂ ಕಡೆ ಅಮ್ಮ ಬಾಯಿತುಂಬಾ ಹಾಡಿದಳು. ನಮ್ಮಲ್ಲಿ 'ಸಂಗೀತ' ಅಂದರೆ ಇಂಗ್ಲಿಷ್ ರಾಗದ ಹಾಡು, 'ಕೀರ್ತನೆ' ಅಂದರೆ ನಮ್ಮ ರಾಗ, ನಮ್ಮ ತಾಳ. ಕೀರ್ತನೆಗೆ ಅವಳ ಬೆರಳು ತಾನಾಗಿ ತೊಡೆಯ ಮೇಲೆ ತಾಳ ಹಾಕುತ್ತದೆ. ಮೂರು ವಾರದಿಂದ ನಿಂತಿದ್ದ ಬೆರಳು ಅವತ್ತು ಆಡಿತು. ಆದರೆ ದೂರ. ವಾರ ವಾರ ಆಟೋಗೆ ಹೋಗಿ ಬರುವ ಖರ್ಚು, ಅವಳ ಮೊಣಕಾಲು ಎರಡನ್ನೂ ಲೆಕ್ಕ ಹಾಕಿದೆ. ಸಭೆ ಅಂದರೆ ಭಾನುವಾರ ಮಾತ್ರ ಅಲ್ಲವಲ್ಲ. ಬುಧವಾರದ ಬೈಬಲ್ ಅಧ್ಯಯನ, ಹೆಂಗಸರ ಕೂಟ, ಯಾರದೋ ಮನೆಯ ಪ್ರಾರ್ಥನೆ, ಯಾರದೋ ಸಾವು. ಅಮ್ಮ ಒಬ್ಬಳೇ ಹೋಗಿ ಬರುವಷ್ಟು ಹತ್ತಿರ ಇದ್ದರೆ ಮಾತ್ರ ಅದು ಅವಳದಾಗುತ್ತದೆ. ಇಲ್ಲದಿದ್ದರೆ ನನಗೆ ಬಿಡುವಿದ್ದ ದಿನ ಅವಳಿಗೆ ಭಾನುವಾರ.

ಕೊನೆಗೆ ಸಿಕ್ಕಿದ್ದು ಅಲ್ಲೇ ಪೇಟೆಯಲ್ಲಿ ಬೆಂಚಿನ ಪಕ್ಕ ಕೂತಿದ್ದ ಒಬ್ಬ ಹೆಂಗಸಿನ ಬಾಯಿಂದ. "ವಿಜಯನಗರದಿಂದ ಇಲ್ಲಿಗೆ ಬರ್ತೀರಾ? ನಿಮ್ಮ ಹತ್ರನೇ ನಮ್ಮ ಅಕ್ಕನ ಸಭೆ ಇದೆಯಲ್ಲ." ಹೆಸರು ಬರೆದರೆ ಜಾಹೀರಾತು ಆಗುತ್ತದೆ, ಬಿಡಿ. ಚಿಕ್ಕ ಕನ್ನಡ ಸಭೆ, ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ, ಬಾಗಿಲಿಗೆ ಎರಡೇ ಮೆಟ್ಟಿಲು. ಫೋನಿನ ನಕ್ಷೆಯಲ್ಲಿ ಅದರ ಹೆಸರೇ ತಪ್ಪಾಗಿತ್ತು, ಅದಕ್ಕೇ ನನಗೆ ಸಿಕ್ಕಿರಲಿಲ್ಲ.

ಹಬ್ಬದ ದಿನ ಹೋಗಿ ಸಭೆಯನ್ನು ಅಳೆಯಬಾರದು ಅಂತ ನಾನು ಒಂದು ನಿಯಮ ಮಾಡಿಕೊಂಡಿದ್ದೆ. ಕ್ರಿಸ್‌ಮಸ್‌ನಲ್ಲಿ ಎಲ್ಲ ಚರ್ಚೂ ಚೆಂದ. ಆದರೆ ಅಲ್ಲಿಗೆ ನಾವು ಮೊದಲ ಸಲ ಹೋದ ದಿನವೇ ಸುಗ್ಗಿ ಹಬ್ಬ ಬಿದ್ದಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಬೆಳೆದದ್ದರಲ್ಲಿ ಮೊದಲನೆಯದನ್ನು ದೇವರಿಗೆ ತರುವುದು ಹಳೇ ಪದ್ಧತಿ. ಬೆಂಗಳೂರಿನಲ್ಲಿ ಬೆಳೆ ಎಲ್ಲಿಂದ ಬರಬೇಕು? ಎಲ್ಲರೂ ಮಾರ್ಕೆಟ್‌ನಿಂದ ತರುತ್ತಾರೆ. ಆರಾಧನೆ ಮುಗಿದ ಮೇಲೆ ಅದನ್ನು ಹರಾಜು ಹಾಕಿ ದುಡ್ಡನ್ನು ಸಭೆಗೆ ಕೊಡುತ್ತಾರೆ. ಕಬ್ಬು, ಬಾಳೆಗೊನೆ, ಒಂದು ಜೀವಂತ ಹುಂಜ, ಯಾರೋ ಮಾಡಿ ತಂದ ರವೆ ಉಂಡೆ. ಹರಾಜು ಕೂಗುತ್ತಿದ್ದವರು ನಿವೃತ್ತ ಮೇಷ್ಟ್ರು. "ಇದು ಸಾಮಾನ್ಯ ಬೂದುಗುಂಬಳ ಅಲ್ಲ, ಕಾರ್ಯದರ್ಶಿಯವರ ಮನೆ ತಾರಸಿದು!" ಅಂತ ಬೆಲೆ ಏರಿಸಿದರು. ಅಯ್ಯನವರೂ (ಸಭೆಯ ಪಾದ್ರಿ) ಮೂಲೆಯಿಂದ ಒಂದು ಸಲ ಕೈ ಎತ್ತಿ ಎಲ್ಲರನ್ನೂ ನಗಿಸಿದರು. ದುಡ್ಡಿರುವವರು ಜೋರು ಮಾಡುತ್ತಾರಾ, ಇಲ್ಲದವರು ಹಿಂದೆ ಸರಿಯುತ್ತಾರಾ ಅಂತ ನಾನು ನೋಡುತ್ತಿದ್ದೆ. ಒಬ್ಬ ಹುಡುಗ ನಿಂಬೆಹಣ್ಣಿಗೆ ಹತ್ತು ರೂಪಾಯಿ ಕೂಗಿದ. ಅದರ ಮೇಲೆ ಯಾರೂ ಕೂಗಲಿಲ್ಲ. ಮೇಷ್ಟ್ರು ಮೂರು ಸಲ ಕೇಳಿ, ನಿಂಬೆಹಣ್ಣನ್ನು ಅವನ ಕೈಗೆ ಮರ್ಯಾದೆಯಿಂದ ಕೊಟ್ಟರು. ನಾನು ಆ ಕುಂಬಳಕಾಯಿಯನ್ನು 450 ರೂಪಾಯಿಗೆ ತೆಗೆದುಕೊಂಡು ಬಂದೆ. ಒಂದು ವಾರ ಹುಳಿ, ಮಜ್ಜಿಗೆಹುಳಿ, ಪಲ್ಯ.

ಆಮೇಲೆ ಸಾಧಾರಣ ಭಾನುವಾರಗಳಲ್ಲೂ ನಾಲ್ಕು ಸಲ ಹೋದೆವು, ನನ್ನ ನಿಯಮಕ್ಕೂ ಮರ್ಯಾದೆ ಇರಲಿ ಅಂತ. ಪ್ರಸಂಗ ಕೆಲವು ಸಲ ಚೆನ್ನಾಗಿರುತ್ತಿತ್ತು, ಕೆಲವು ಸಲ ನಾನು ಫ್ಯಾನಿನ ರೆಕ್ಕೆ ಎಣಿಸಿದೆ. ಮೂರನೇ ವಾರ ಮಳೆಯಿಂದ ಹೋಗಲಾಗಲಿಲ್ಲ. ಮಧ್ಯಾಹ್ನ ಒಬ್ಬ ಆಂಟಿ ಫೋನ್ ಮಾಡಿ, "ಏನಮ್ಮ, ಮೈ ಹುಷಾರಿಲ್ವಾ?" ಅಂದರು. ಅಷ್ಟೇ ಕೇಳಿ ಇಟ್ಟರು. ಅಮ್ಮ ಅವತ್ತೇ ತೀರ್ಮಾನ ಮಾಡಿದಳು.

ಸದಸ್ಯರಾಗಲು ಬೇಕಾದದ್ದು ಜಾಸ್ತಿ ಏನಿಲ್ಲ. ದೀಕ್ಷಾಸ್ನಾನದ ಪತ್ರ, ದೊಡ್ಡವರಾದ ಮೇಲೆ ನಂಬಿಕೆಯನ್ನು ಖಚಿತಪಡಿಸುವ ದೃಢೀಕರಣದ ಪತ್ರ, ಹಳೇ ಸಭೆಯ ಅಯ್ಯನವರಿಂದ ವರ್ಗಾವಣೆ ಪತ್ರ. ಅಲ್ಲಿಯವರೆಗಿನ ಚಂದಾ ಬಾಕಿ ಇರಬಾರದು. ಚಂದಾ ಕಟ್ಟಿದವರಿಗೇ ಸಭೆಯ ಕಮಿಟಿ ಚುನಾವಣೆಯಲ್ಲಿ ಓಟು. ಮದುವೆ, ಸಮಾಧಿಯಂಥ ಹೊತ್ತಿನಲ್ಲೂ ರಿಜಿಸ್ಟರ್‌ನಲ್ಲಿ ಹೆಸರಿದ್ದರೆ ಕೆಲಸ ಸಲೀಸು. ಈ ಊರಿನಲ್ಲಿ ಬಹಳ ಜನ ದೂರದ ಬಡಾವಣೆಗೆ ಹೋದರೂ ಹಳೇ ಸಭೆಯ ಸದಸ್ಯತ್ವ ಬಿಡದೇ ಇರುವುದಕ್ಕೆ ಇದೂ ಒಂದು ಕಾರಣ.

ಪತ್ರ ತರಲು ನಾನೇ ಹಾಸನಕ್ಕೆ ಹೋದೆ. ಅಮ್ಮನ ಹೆಸರು ಹೇಳಿದೆ. ಅಯ್ಯನವರು ರಿಜಿಸ್ಟರ್ ತೆಗೆದು, "ನಿಮ್ಮದೂ ಬರೀಲಾ?" ಅಂದರು.

"ನನ್ನದು ಯಾವಾಗಲೋ ಹೊಡೆದು ಹಾಕಿರಬೇಕಲ್ವಾ, ಅಯ್ಯನವರೇ?"

ಅವರು ಪುಟ ನನ್ನ ಕಡೆ ತಿರುಗಿಸಿದರು. ಅಮ್ಮನ ಹೆಸರಿನ ಕೆಳಗೆ ನನ್ನ ಹೆಸರು. ಹನ್ನೊಂದು ವರ್ಷವೂ ಚಂದಾ ಕಟ್ಟಿತ್ತು.

ಈಗ ಇಲ್ಲಿ ಇಬ್ಬರದನ್ನೂ ನಾನೇ ಕಟ್ಟುತ್ತೇನೆ. ರಸೀದಿ ಮಾತ್ರ ಅಮ್ಮ ಇಸಿದುಕೊಂಡು ಸತ್ಯವೇದದ ಒಳಗೆ ಇಟ್ಟುಕೊಳ್ಳುತ್ತಾಳೆ.