ಗದ್ದೆಯ ಧೂಳಿಗೆ ಹಿಂಬದಿ ಮೋಟಾರಿನ ಆರ್‌ಸಿ ಬಗ್ಗಿ: ಮತ್ತೆ ರೇಸಿಗೆ ಬಂದಾಗ ನಾನು ಕೊಂಡದ್ದು, ಬಿಟ್ಟದ್ದು

ಮತ್ತೆ ಆರ್‌ಸಿ, ಅಂದರೆ ರಿಮೋಟ್ ಕಂಟ್ರೋಲಿನ ಬಗ್ಗಿ ಓಡಿಸುತ್ತೇನೆ, ಅದೂ ಮೋಟಾರ್ ಹಿಂಬದಿಗೆ ಇರುವ ಹಳೆ ಟೂ ವ್ಹೀಲ್ ಡ್ರೈವ್ ಗಾಡಿಯನ್ನೇ ಕೊಳ್ಳುತ್ತೇನೆ ಅಂತ ಹೇಳಿದಾಗ ನಮ್ಮ ಗುಂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಎಂತ ಮಾರಾಯ್ರೆ, ಅದರ ಪಾರ್ಟ್ಸ್ ಎಲ್ಲಿ ಸಿಗ್ತದೆ? ಸುಮ್ನೆ ಹೊಸ ಫೋರ್ ವ್ಹೀಲ್ ತಗೊಳ್ಳಿ" ಅಂತ ಉಡುಪಿಯ ಗೆಳೆಯ ಹೇಳಿದರು. ಬೇರೆಯವರು 1/8 ಅಳತೆಯ ದೊಡ್ಡ ಬ್ರಶ್‌ಲೆಸ್ ಗಾಡಿ ತೆಗೆದುಕೊಳ್ಳಿ ಅಂದರು. ಆದರೆ ಈ ಸೀಸನ್ನಿನಲ್ಲಿ ಮಧ್ಯಾಹ್ನದ ಓಟಗಳಲ್ಲಿ ಹೆಚ್ಚಿನವನ್ನು ನನ್ನ ಗಾಡಿಯೇ ಗೆದ್ದಿತು. ಈಗ ಅದೇ ಗೆಳೆಯ ಫೋನ್ ಮಾಡಿ ಸೆಟಪ್ ಕೇಳುತ್ತಾರೆ. ಹಾಗಾಗಿ ಒಂದೇ ಕಡೆ ಬರೆದಿಡುತ್ತೇನೆ.

ನಾವು ಓಡಿಸುವುದು ಮೂಲ್ಕಿ ಹತ್ತಿರದ ಒಂದು ಬಾಕಿಮಾರು ಗದ್ದೆಯಲ್ಲಿ, ಅಂದರೆ ದೊಡ್ಡ ಭತ್ತದ ಗದ್ದೆಯಲ್ಲಿ. ಮಂಗಳೂರಿನವರಿಗೂ ಉಡುಪಿಯವರಿಗೂ ಅದು ನಡುವೆ ಆಗುತ್ತದೆ. ಏಣಿಲು (ಮಳೆಗಾಲದ ಬೆಳೆ) ಕೊಯ್ಲು ಮುಗಿದು ನೆಲ ಒಣಗಿದ ಮೇಲೆ, ಡಿಸೆಂಬರಿನಿಂದ ಮೇ ತನಕ ಟ್ರ್ಯಾಕ್ ಸಿಗುತ್ತದೆ. ಬೆಳಿಗ್ಗೆ ಮಂಜಿಗೆ ಮಣ್ಣು ಸ್ವಲ್ಪ ಒದ್ದೆ ಇರುತ್ತದೆ, ಹಿಡಿತ ಚೆನ್ನಾಗಿರುತ್ತದೆ. 10 ಗಂಟೆ ದಾಟಿದರೆ ಮೇಲಿನ ಪದರ ಪುಡಿಯಾಗಿ, ಅಡಿಯಲ್ಲಿ ಗಟ್ಟಿ ನೆಲ, ಮೇಲೆ ಬರೀ ಧೂಳು. ಈಗಿನ ಟೂ ವ್ಹೀಲ್ ಬಗ್ಗಿಗಳೆಲ್ಲ ಹೆಚ್ಚಾಗಿ ಮಿಡ್ ಮೋಟಾರಿನವು, ಅಂದರೆ ಮೋಟಾರ್ ಹಿಂದಿನ ಆಕ್ಸಲ್‌ಗಿಂತ ಮುಂದೆ, ಗಾಡಿಯ ನಡುವಿಗೆ ಇರುವಂಥವು. ಕಾರ್ಪೆಟ್, ಟರ್ಫ್, ಗಟ್ಟಿ ಜೇಡಿ ಟ್ರ್ಯಾಕಿನಂಥ ಹಿಡಿತ ಜಾಸ್ತಿ ಇರುವ ಜಾಗಕ್ಕೆ ಮಾಡಿದವು. ನಮ್ಮ ಧೂಳಿನಲ್ಲಿ ಅವುಗಳ ಹಿಂದಿನ ಚಕ್ರಕ್ಕೆ ಭಾರ ಸಾಲುವುದಿಲ್ಲ, ಥ್ರಾಟಲ್ ಮುಟ್ಟಿದರೆ ಹಿಂಭಾಗ ತಿರುಗಿ ಹೋಗುತ್ತದೆ. ಮೋಟಾರ್ ಹಿಂದಿನ ಆಕ್ಸಲ್‌ನ ಆಚೆ ಇದ್ದರೆ ಆ ಭಾರವೇ ಟಯರನ್ನು ನೆಲಕ್ಕೆ ಒತ್ತುತ್ತದೆ. ಇಷ್ಟೇ ನನ್ನ ಲೆಕ್ಕ. ಬೆಳಿಗ್ಗೆಯ ಓಟದಲ್ಲಿ ಮಿಡ್ ಮೋಟಾರಿನವರು ಮುಂದೆ ಹೋಗುತ್ತಾರೆ, ಅದನ್ನು ಒಪ್ಪುತ್ತೇನೆ. ಆದರೆ ನಮ್ಮ ಫೈನಲ್ ಯಾವಾಗಲೂ ಊಟದ ಮೇಲೆ ಅಲ್ವಾ.

ಗಾಡಿ ಯಾವುದು ಅಂತ ಬಹಳ ಹುಡುಕಿದೆ. ಟೀಮ್ ಅಸೋಸಿಯೇಟೆಡ್ ಕಂಪನಿಯ ಬಿ4 ಅಗ್ಗಕ್ಕೆ ಸಿಗುತ್ತಿತ್ತು. ಆದರೆ ಅದರ ಸ್ಕ್ರೂ, ಬೇರಿಂಗ್ ಹೆಚ್ಚಿನವು ಇಂಚಿನ ಅಳತೆ. ನಮ್ಮೂರಿನಲ್ಲಿ ಇಂಚಿನ ಸಣ್ಣ ಬೇರಿಂಗ್ ಹುಡುಕಲು ಹೊರಟರೆ ಸೀಸನ್ನೇ ಮುಗಿದು ಹೋಗುತ್ತದೆ. 2013ರ ಕೊನೆಗೆ ಬಂದ ಬಿ5 ಮೆಟ್ರಿಕ್. ಅದರಲ್ಲಿ ಎರಡು ಮಾದರಿ ಇತ್ತು: ಬಿ5ಎಂ ಅಂದರೆ ಮಿಡ್, ಬರೀ ಬಿ5 ಅಂದರೆ ಹಿಂದಿನ ಮೋಟಾರ್. ಎಲ್ಲರೂ ಎಂ ಬೇಕು ಅನ್ನುತ್ತಿದ್ದರು, ಹಾಗಾಗಿ ಬರೀ ಬಿ5 ಕೇಳುವವರಿಲ್ಲ. ಬೆಂಗಳೂರಿನ ಒಬ್ಬರಿಂದ ಒಂದು ಓಡುವ ಗಾಡಿ, ಇನ್ನೊಬ್ಬರಿಂದ ಮುರಿದ ಒಂದು ಗಾಡಿ, ಎರಡೂ ಸೇರಿ ಸುಮಾರು 22 ಸಾವಿರಕ್ಕೆ ಬಂತು. ಪಾರ್ಟ್ಸ್ ಎಲ್ಲಿ ಅಂತ ಕೇಳಿದವರಿಗೆ ಆ ಎರಡನೇ ಗಾಡಿಯೇ ಉತ್ತರ. ಹೊಸ ಫೋರ್ ವ್ಹೀಲ್ ಕಿಟ್ ತರಿಸಿದರೆ ಕೊರಿಯರ್, ಡ್ಯೂಟಿ ಎಲ್ಲ ಸೇರಿ 45–50 ಸಾವಿರ ಬರೀ ಕಿಟ್ಟಿಗೇ ಹೋಗುತ್ತಿತ್ತು. ಅದರಲ್ಲಿ ಮೋಟಾರೂ ಇಲ್ಲ, ಬ್ಯಾಟರಿಯೂ ಇಲ್ಲ.

ಬೇರಿಂಗ್ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಇಲ್ಲಿ ಹಣ ಉಳಿಯುತ್ತದೆ. ಆರ್‌ಸಿ ಹೆಸರಿನಲ್ಲಿ ಮಾರುವ ಸೆಟ್ 1,500ರಿಂದ 2,000. ಅಂಗಡಿಯಲ್ಲಿ "ಆರ್‌ಸಿ ಬೇರಿಂಗ್" ಅಂತ ಕೇಳಬೇಡಿ, ನಂಬರ್ ಹೇಳಿ. 5x10x4 ಅಂದರೆ ಎಂಆರ್105, 10x15x4 ಅಂದರೆ 6700. ಬಂದರಿನ ಬೇರಿಂಗ್ ಅಂಗಡಿಯಲ್ಲಿ ನಂಬರ್ ಹೇಳಿದರೆ ತರಿಸಿ ಕೊಡುತ್ತಾರೆ, ಒಂದಕ್ಕೆ 50–70 ರೂಪಾಯಿ. ಝಡ್‌ಝಡ್, ಅಂದರೆ ತಗಡಿನ ಸೀಲಿನದ್ದು ಬೇಡ, ರಬ್ಬರ್ ಸೀಲಿನದ್ದೇ ಕೇಳಿ. ನಮ್ಮ ಧೂಳು ತಗಡಿನ ಸೀಲಿನ ಸಂದಿಯಲ್ಲಿ ಒಳಗೆ ಹೋಗುತ್ತದೆ. ಒಮ್ಮೆ ಪಡುಬಿದ್ರಿ ಬೀಚಿನಲ್ಲಿ ಓಡಿಸಿ ನೋಡಿದೆವು. ಮಜವಾಗಿತ್ತು, ಆದರೆ ಉಪ್ಪು ಮರಳು ಒಂದೇ ವಾರದಲ್ಲಿ ಮುಂದಿನ ಬೇರಿಂಗ್‌ಗಳನ್ನೆಲ್ಲ ತುಕ್ಕು ಹಿಡಿಸಿತು. ರೇಸಿನ ಗಾಡಿಯನ್ನು ಬೀಚಿಗೆ ಇಳಿಸಲೇಬೇಡಿ.

ನನ್ನ ಹಳೆ ರೇಡಿಯೋ 27 ಮೆಗಾಹರ್ಟ್ಸ್‌ನದು, ಕ್ರಿಸ್ಟಲ್ ಬದಲಿಸುವಂಥದ್ದು. ಒಂದೇ ಕ್ರಿಸ್ಟಲ್ ಇಬ್ಬರ ಹತ್ತಿರ ಇದ್ದರೆ ಒಬ್ಬರು ಕಾಯಬೇಕಾಗಿದ್ದ ಕಾಲ ಅದು. ಅದನ್ನು ಅಟ್ಟದಲ್ಲೇ ಬಿಟ್ಟು ಫ್ಲೈಸ್ಕೈ ಜಿಟಿ5 ತೆಗೆದುಕೊಂಡೆ, ಸುಮಾರು 6 ಸಾವಿರ. ಅದರ ರಿಸೀವರಿನಲ್ಲಿ ಗೈರೋ ಇದೆ, ಗಾಡಿ ಜಾರಿದರೆ ತಾನೇ ಸ್ಟೇರಿಂಗ್ ಸರಿ ಮಾಡುವಂಥದ್ದು. ಧೂಳಿಗೆ ಸಹಾಯ ಆಗಬಹುದಾ ಅಂತ ಒಂದಷ್ಟು ದಿನ ಆನ್ ಮಾಡಿ ಓಡಿಸಿದೆ. ನೇರ ದಾರಿಯಲ್ಲಿ ಗಾಡಿ ಗೆರೆ ಎಳೆದ ಹಾಗೆ ಹೋಗುತ್ತದೆ, ತಿರುವಿಗೆ ಹೊಕ್ಕಾಗ ಸ್ಟೇರಿಂಗನ್ನೇ ವಿರೋಧಿಸುತ್ತದೆ. ಲ್ಯಾಪ್ ಟೈಮ್ ಸುಧಾರಿಸಲೇ ಇಲ್ಲ. ಹೇಗಿದ್ದರೂ ರೇಸಿನಲ್ಲಿ ಗೈರೋ ಬೇಡ ಅಂತ ನಾವೇ ನಿಯಮ ಮಾಡಿಕೊಂಡಿದ್ದೇವೆ.

ಸರ್ವೋದಲ್ಲಿ, ಅಂದರೆ ಸ್ಟೇರಿಂಗ್ ತಿರುಗಿಸುವ ಸಣ್ಣ ಮೋಟಾರಿನಲ್ಲಿ, ಉಳಿತಾಯ ಮಾಡಲು ಹೋಗಬೇಡಿ. ಗಾಡಿಯ ಜೊತೆ ಬಂದ ಪ್ಲಾಸ್ಟಿಕ್ ಗೇರಿನ ಸರ್ವೋ ಬದುವಿಗೆ ಒಂದು ಪೆಟ್ಟು ಬಿದ್ದದ್ದೇ ಹಲ್ಲು ಉದುರಿಸಿತು. ಮೆಟಲ್ ಗೇರ್, 15 ಕೆಜಿ ಆಸುಪಾಸಿನ ಬಲದ್ದು 3 ಸಾವಿರ ಆಯಿತು. ಮೋಟಾರ್ 13.5 ಟರ್ನ್, ಸೆನ್ಸರ್ಡ್. ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸಾಧನ) ಸೇರಿ 12 ಸಾವಿರ. ಟರ್ನ್ ಕಡಿಮೆಯಾದಷ್ಟೂ ವೇಗ ಜಾಸ್ತಿ. ನಮ್ಮಲ್ಲಿ 8.5 ಹಾಕಿದವರಿದ್ದಾರೆ. ಅವರ ಗಾಡಿ ನೇರ ದಾರಿಯಲ್ಲಿ ನನ್ನನ್ನು ದಾಟುತ್ತದೆ, ಮುಂದಿನ ತಿರುವಿನಲ್ಲಿ ಒಂದು ಸುತ್ತು ತಿರುಗಿ ನಿಲ್ಲುತ್ತದೆ. ಸೆನ್ಸರ್ ಇಲ್ಲದ್ದು ಇನ್ನೂ ಅಗ್ಗ, ಆದರೆ ನಿಧಾನ ಹೊರಡುವಾಗ ಜರ್ಕ್ ಹೊಡೆಯುತ್ತದೆ, ಧೂಳಿನಲ್ಲಿ ಆ ಜರ್ಕ್ ಸಾಕು ಹಿಂಭಾಗ ಜಾರಲಿಕ್ಕೆ. ಪಿನಿಯನ್ (ಮೋಟಾರಿನ ಸಣ್ಣ ಗೇರ್) ಮೊದಲು 24 ಹಲ್ಲಿನದ್ದು ಹಾಕಿ ನೋಡಿದೆ, 72ರ ಸ್ಪರಿಗೆ (ಅದು ತಿರುಗಿಸುವ ದೊಡ್ಡ ಗೇರಿಗೆ). ಏಪ್ರಿಲ್ ಬಿಸಿಲಿನಲ್ಲಿ ಮೋಟಾರ್ 80 ಡಿಗ್ರಿ ದಾಟಿತು. 22ಕ್ಕೆ ಇಳಿಸಿದ ಮೇಲೆ 65ರ ಹತ್ತಿರ ನಿಲ್ಲುತ್ತದೆ. ಶಾಕ್ ಆಯಿಲ್ ಕೂಡ ಸೆಖೆಗೆ ತೆಳ್ಳಗಾಗುತ್ತದೆ, ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಒಂದು ಮೆಟ್ಟಿಲು ದಪ್ಪದ್ದು ಹಾಕಿ.

ಬ್ಯಾಟರಿ 2ಎಸ್ ಶಾರ್ಟಿ (ಎರಡು ಸೆಲ್ಲಿನ ಗಿಡ್ಡ ಪ್ಯಾಕ್) ಎರಡು, 7 ಸಾವಿರ. ಚಾರ್ಜರಿಗೆ 5. ಶಾರ್ಟಿ ಯಾಕೆ ಅಂದರೆ ಹಗುರ, ಮತ್ತೆ ಸ್ಪಾಂಜ್ ತುಂಡು ಇಟ್ಟು ಹಿಂದೆ ಮುಂದೆ ಸರಿಸಬಹುದು. ಬೆಳಿಗ್ಗೆ ಮುಂದೆ, ಮಧ್ಯಾಹ್ನ ಹಿಂದೆ. ಮುಂದಿನ ಬಂಪರಿನಡಿ ಸ್ವಲ್ಪ ಸೀಸವೂ ಇದೆ, ಇಲ್ಲದಿದ್ದರೆ ಹಿಂದಿನ ಮೋಟಾರಿನ ಗಾಡಿ ತಿರುವಿನಲ್ಲಿ ಮುಂದಕ್ಕೇ ತಳ್ಳಿಕೊಂಡು ಹೋಗುತ್ತದೆ. ಎಷ್ಟು ಗ್ರಾಂ ಅಂತ ಮಾತ್ರ ಕೇಳಬೇಡಿ. ಮಳೆಗಾಲಕ್ಕೆ ಬ್ಯಾಟರಿಯನ್ನು ಸೆಲ್ಲಿಗೆ 3.8 ವೋಲ್ಟಿನಲ್ಲಿ ನಿಲ್ಲಿಸಿ ಡಬ್ಬಿಯಲ್ಲಿ ಇಡುತ್ತೇನೆ.

ಟಯರಿಗೆ 8 ಸಾವಿರ ಹೋಯಿತು, ಒಂದು ರೂಪಾಯಿಯೂ ದಂಡ ಅಲ್ಲ. ಹಿಂದೆ ಎತ್ತರದ ಪಿನ್ (ರಬ್ಬರಿನ ಮುಳ್ಳು), ಮುಂದೆ ಉದ್ದ ಗೆರೆಯ ರಿಬ್. ಗುಡ್ಡೆಯ ಮೈದಾನದಲ್ಲಿ ಪ್ರಾಕ್ಟೀಸ್ ಮಾಡಿದವರ ಪಿನ್ ಆ ಕೆಂಪು ಜಲ್ಲಿಗೆ ಒಂದೇ ದಿನದಲ್ಲಿ ಅರ್ಧ ಸವೆಯಿತು. ಒಳಗಿನ ಫೋಮಿಗೆ ನಾನು ಮಾಡುವ ಒಂದು ಕೆಲಸ ಇದೆ, ಮುಂದಿನ ಸೀಸನ್ ಮುಗಿಯಲಿ, ಆಮೇಲೆ ಹೇಳುತ್ತೇನೆ.

ಟ್ರ್ಯಾಕಿನ ಮೇಲೂ ಒಂದು ಪ್ರಯೋಗ ಮಾಡಿದೆವು. ಹಿಂದೆಲ್ಲ ಭತ್ತ ಒಣಗಿಸಲು ಅಂಗಳ ಮಾಡುತ್ತಿದ್ದ ಹಾಗೆ ಒಂದು ತಿರುವನ್ನು ನೀರು ಹಾಕಿ, ಹಲಗೆಯಿಂದ ಬಡಿದು, ಸೆಗಣಿ ಸಾರಿಸಿದೆವು. ಗದ್ದೆಯ ಯಜಮಾನರ ಅಮ್ಮನೇ ನಿಂತು ಹೇಳಿಕೊಟ್ಟರು. ಧೂಳು ಏಳಲೇ ಇಲ್ಲ, ಎಂಥಾ ಹಿಡಿತ! ಒಂದೆರಡು ರೇಸ್ ದಿನ ತಡೆಯಿತು, ಆಮೇಲೆ ಪಿನ್ನುಗಳು ಪದರವನ್ನು ಕಿತ್ತವು. ಪೂರ್ತಿ ಟ್ರ್ಯಾಕಿಗೆ ಮಾಡುವಷ್ಟು ಜನ ಬೇಕು. ಹಾಗೆ ಮಾಡಿದರೆ ಮಿಡ್ ಮೋಟಾರಿನವರೇ ಗೆಲ್ಲುತ್ತಾರೆ ಅನ್ನುವುದೂ ನನಗೆ ಗೊತ್ತು.

ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ತ್ರೀಡಿ ಪ್ರಿಂಟಿನಲ್ಲಿ ಸಸ್ಪೆನ್ಶನ್ ಆರ್ಮ್ ಮಾಡಿಕೊಟ್ಟ. ಪಿಎಲ್‌ಎ ಪ್ಲಾಸ್ಟಿಕ್ಕಿನ ಆರ್ಮ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೇ ಸೊಟ್ಟಗಾಯಿತು, ನೈಲಾನಿನದ್ದು ಎರಡು ಜಂಪ್ ತಡೆದು ಪಿನ್ನಿನ ಹತ್ತಿರ ಸೀಳಿತು. ಪಿಇಟಿಜಿ ಪ್ಲಾಸ್ಟಿಕ್ಕಿನ ಬ್ಯಾಟರಿ ಪಟ್ಟಿ ಮಾತ್ರ ಇನ್ನೂ ಗಟ್ಟಿ ಇದೆ.

ಒಟ್ಟು 63 ಸಾವಿರದ ಹತ್ತಿರ ಆಯಿತು. ಮುರಿದ ಗಾಡಿಯಿಂದ ಇನ್ನೂ ಎರಡು ಮುಂದಿನ ಆರ್ಮ್, ಒಂದು ಶಾಕ್ ಟವರ್ ಉಳಿದಿವೆ. ಗೇರ್‌ಬಾಕ್ಸ್ ಕೇಸ್ ಮಾತ್ರ ಉಳಿದಿಲ್ಲ. ಹಿಂದಿನ ಮೋಟಾರಿನ ಬಿ5ರ ಕೇಸ್ ಯಾರ ಹತ್ತಿರವಾದರೂ ಸುಮ್ನೆ ಬಿದ್ದಿದ್ದರೆ ಹೇಳಿ, ಹಣ ಕೊಡುತ್ತೇನೆ ಅಥವಾ ಆ ಶಾಕ್ ಟವರ್ ಬದಲಿಗೆ ಕೊಡುತ್ತೇನೆ.