ಹೆಡಕಿನ ಒಳಸ್ನಾಯು ಬೆರಳಿಗೆ ಸಿಗುವ ಬಗೆ

ಇಳಕಲ್ಲಿನಲ್ಲಿ ನಾನು ಫಿಸಿಯೋಥೆರಪಿ ಮಾಡುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ನೇಕಾರರು ಜಾಸ್ತಿ. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು, ಕತ್ತು ಬಗ್ಗಿಸಿ, ಲಾಳಿ ಓಡುವ ಕಡೆ ಕಣ್ಣಿಟ್ಟು ಕೂರುವ ಕೆಲಸ. ಸೀರೆಯ ಒಡಲಿನ ಹಾಸು ನೂಲಿಗೆ (ಉದ್ದದ ಎಳೆಗಳಿಗೆ) ಸೆರಗಿನ ಹಾಸು ನೂಲನ್ನು ಕೊಂಡಿ ಹಾಕಿ ಕೂಡಿಸುವಾಗ ತಲೆ ಇನ್ನಷ್ಟು ಮುಂದಕ್ಕೆ ಬಾಗುತ್ತದೆ. "ಹೆಡಕು ಹಿಡದೈತ್ರಿ ಅಕ್ಕಾರ, ನಡಾ ಎತ್ತಾಕ ಆಗವಲ್ದು" ಅಂತಲೇ ಹೆಚ್ಚಿನವರ ಮಾತು ಶುರು.

ಹೆಡಕಿನ ಮೇಲೆ ಕೈ ಇಟ್ಟರೆ ಮೊದಲು ಸಿಗುವುದು ಟ್ರಪೀಝಿಯಸ್. ಅದು ಮುಖ್ಯವಾಗಿ ಹೆಗಲಿನ ಸ್ನಾಯು. ಅದನ್ನು ಕುಣಿಸುವ ನರವೂ ಬೇರೆ, ಹನ್ನೊಂದನೆಯ ಕಪಾಲ ನರ. ಅದರ ಕೆಳಗೆ ಸ್ಪ್ಲೀನಿಯಸ್, ಅದರ ಕೆಳಗೆ ಸೆಮಿಸ್ಪೈನಾಲಿಸ್, ತಲೆಬುರುಡೆಯ ಬುಡದಲ್ಲಿ ಎಲ್ಲಕ್ಕಿಂತ ಒಳಗೆ ಪುಟ್ಟ ಪುಟ್ಟ ಸಬ್‌ಆಕ್ಸಿಪಿಟಲ್ ಸ್ನಾಯುಗಳು. ಇವೇ ಬೆನ್ನಿನ ಸ್ವಂತ ಸ್ನಾಯುಗಳು. ಬೆನ್ನುಹುರಿಯಿಂದ ಹೊರಟ ನರಗಳ ಹಿಂದಿನ ಕವಲು ಇವಕ್ಕೆ ಬರುತ್ತದೆ. ದೊಡ್ಡವರ ತಲೆ ಸುಮಾರು 4.5ರಿಂದ 5 ಕಿಲೋ ತೂಗುತ್ತದೆ. ಬಾಗಿದ ತಲೆಯನ್ನು ದಿನವಿಡೀ ಹಿಂದಿನಿಂದ ಹಿಡಿದು ನಿಲ್ಲಿಸುವುದರಲ್ಲಿ ಇವುಗಳ ಪಾಲು ದೊಡ್ಡದು.

ಇಷ್ಟೆಲ್ಲ ಎಳೆಗಳನ್ನು ತಲೆಯಲ್ಲಿ ಇಟ್ಟುಕೊಳ್ಳುವುದು ಸುಲಭ ಅಲ್ಲ. ಪ್ಲಾಸ್ಟಿಕ್ ಬೆನ್ನೆಲುಬಿನ ಮಾದರಿಯೊಂದನ್ನು ಇಟ್ಟುಕೊಂಡು, ಮಗ್ಗದಲ್ಲಿ ಉಳಿದ ಬಣ್ಣದ ನೂಲು ಕೇಳಿ ತಂದು ಕಟ್ಟುತ್ತಾ ಹೋದೆ. ಸ್ಪ್ಲೀನಿಯಸ್‌ಗೆ ಹಸಿರು. ಅದು ನಡುಗೆರೆಯಿಂದ ಹೊರಟು ಮೇಲಕ್ಕೆ, ಹೊರಕ್ಕೆ, ಕಿವಿಯ ಹಿಂದಿನ ಎಲುಬಿನ ಕಡೆ ಹೋಗುತ್ತದೆ. ಸೆಮಿಸ್ಪೈನಾಲಿಸ್, ಅದರಡಿಯ ಮಲ್ಟಿಫಿಡಸ್, ಇನ್ನೂ ಒಳಗಿನ ರೊಟೇಟರ್ಸ್ ಮೂರಕ್ಕೂ ಕೆಂಪು. ಇವುಗಳ ದಾರಿ ಉಲ್ಟಾ. ಬೆನ್ನೆಲುಬಿನ ಮಣಿಯ ಪಕ್ಕದ ಚಾಚಿನಿಂದ ಹತ್ತಿ, ಒಳಕ್ಕೆ ತಿರುಗಿ, ಮೇಲಿನ ಮಣಿಯ ಹಿಂದಿನ ಮೊನೆಗೆ ಸೇರುತ್ತವೆ. ಸೆಮಿಸ್ಪೈನಾಲಿಸ್ 4ರಿಂದ 6 ಮಣಿ ದಾಟುತ್ತದೆ, ಮಲ್ಟಿಫಿಡಸ್ 2ರಿಂದ 4, ರೊಟೇಟರ್ಸ್ ಒಂದೋ ಎರಡೋ. ಒಳಗೆ ಹೋದಷ್ಟೂ ನೂಲು ಗಿಡ್ಡ. ಕಟ್ಟಿ ಮುಗಿಸಿದ ಮೇಲೆ ತಿರುಗುವ ದಿಕ್ಕೂ ತಾನೇ ಕಂಡಿತು. ಬಲಗಡೆಯ ಹಸಿರು ಎಳೆದರೆ ಮುಖ ಬಲಕ್ಕೆ. ಬಲಗಡೆಯ ಮಲ್ಟಿಫಿಡಸ್ ಎಳೆದರೆ ಮಣಿಯ ಮೊನೆ ಬಲಕ್ಕೆ ಜರುಗಿ, ಮುಂಭಾಗ ಎಡಕ್ಕೆ ತಿರುಗುತ್ತದೆ. ಈಗ ಆ ಮಾದರಿ ಟೇಬಲ್ ಮೇಲೇ ಇದೆ. ನೇಕಾರರು ಅದನ್ನು ನೋಡಿದ ಕೂಡಲೇ ಕೈಗೆತ್ತಿಕೊಳ್ಳುತ್ತಾರೆ. ಎಳೆಯ ವಿಷಯ ಅವರಿಗೆ ಹೇಳಿಕೊಡಬೇಕಾಗಿಲ್ಲ!

ಇನ್ನು ಬೆರಳಿನ ಕೆಲಸ. ಒಳಗಿನ ಸ್ನಾಯು ಬೇಕೆಂದು ಜೋರಾಗಿ ಒತ್ತಿದರೆ ಮೇಲಿನದು ಬಿಗಿದುಕೊಂಡು ದಾರಿ ಮುಚ್ಚುತ್ತದೆ. ನಾನು ಹಗುರವಾಗಿ ಬೆರಳಿಟ್ಟು, ಬೇಕಾದ ಸ್ನಾಯುವಿಗೆ ಒಂದು ಸಣ್ಣ ಕೆಲಸ ಕೊಡುತ್ತೇನೆ. ಸೆಮಿಸ್ಪೈನಾಲಿಸ್‌ಗಾದರೆ ಬೋರಲು ಮಲಗಿಸಿ, ಅದೇ ಕಡೆಯ ಕೈಯನ್ನು ಹಿಂದೆ ನಡದ ಮೇಲೆ ಇಡಿಸುತ್ತೇನೆ. ಹಾಗೆ ಇಟ್ಟರೆ ಟ್ರಪೀಝಿಯಸ್ ಸಡಿಲವಾಗುತ್ತದೆ. ಆಮೇಲೆ "ತಲಿ ಒಂದೀಟ ಎತ್ರಿ" ಎನ್ನುತ್ತೇನೆ. ಕತ್ತಿನ ನಡುಗೆರೆಯ ಪಕ್ಕದಲ್ಲೇ ದಪ್ಪನೆಯ ಸ್ನಾಯುವೊಂದು ಬೆರಳಡಿ ಎದ್ದು ಬರುತ್ತದೆ. ಅದೇ.

ತಲೆಬುರುಡೆಯ ಬುಡದಲ್ಲಿ ನಾನು ತುಂಬಾ ಹುಷಾರು. ಅಲ್ಲಿ ಒಂದೊಂದು ಕಡೆ ನಾಲ್ಕು ಸ್ನಾಯುಗಳು. ಅದರಲ್ಲಿ ಮೂರು ಸೇರಿ ಒಂದು ತ್ರಿಕೋನ ಮಾಡುತ್ತವೆ. ಅದರೊಳಗೆ ಮಿದುಳಿಗೆ ಹೋಗುವ ವರ್ಟಿಬ್ರಲ್ ರಕ್ತನಾಳ ಇದೆ. ಹೆಬ್ಬೆರಳು ಊರಿ ತಿಕ್ಕುವ ಜಾಗವೇ ಅಲ್ಲ. ಅಂಗಾತ ಮಲಗಿಸಿ, ತಲೆಯ ಭಾರ ನನ್ನ ಬೆರಳ ತುದಿಯ ಮೇಲೆ ತಾನೇ ಕೂರಲು ಬಿಡುತ್ತೇನೆ. ತಲೆ ಅಲುಗಿಸದೆ ಕಣ್ಣು ಮಾತ್ರ ಮೇಲೆ ಕೆಳಗೆ ಆಡಿಸಲು ಹೇಳುತ್ತೇನೆ. ಬೆರಳಡಿ ಸಣ್ಣ ಮಿಡಿತ ಸಿಗುತ್ತದೆ. ಕಣ್ಣಿಗೂ ಕತ್ತಿಗೂ ಎಷ್ಟು ಹತ್ತಿರದ ನಂಟು ನೋಡಿ! ತಲೆ ಎಲ್ಲಿದೆ, ಎಷ್ಟು ವಾಲಿದೆ ಎಂದು ಮಿದುಳಿಗೆ ತಿಳಿಸುವ ಸೂಕ್ಷ್ಮ ತಂತುಗಳು ಈ ಸ್ನಾಯುಗಳಲ್ಲಿ ಬಹಳ ದಟ್ಟವಾಗಿವೆ. ಈ ತ್ರಿಕೋನದ ಕೆಳಗಿನಿಂದಲೇ ಗ್ರೇಟರ್ ಆಕ್ಸಿಪಿಟಲ್ ನರ ಹೊರಟು, ಸೆಮಿಸ್ಪೈನಾಲಿಸ್ ತೂರಿ, ತಲೆಯ ಹಿಂಭಾಗದ ಚರ್ಮಕ್ಕೆ ಹತ್ತುತ್ತದೆ. ಕೆಲವರಿಗೆ ಹೆಡಕಿನ ನೋವು ತಲೆನೋವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ನಡದಲ್ಲಿ ಕೆಂಪು ನೂಲಿನ ಗುಂಪಿನೊಳಗೆ ಮಲ್ಟಿಫಿಡಸ್ಸೇ ದೊಡ್ಡದು. ಬೋರಲು ಮಲಗಿಸಿ, ಕೆಳಗಿನ ಮಣಿಗಳ ಪಕ್ಕ ಬೆರಳಿಟ್ಟು, ಎದುರು ಕಡೆಯ ತೋಳನ್ನು ಸ್ವಲ್ಪವೇ ಎತ್ತಿಸಿದರೆ ಅದು ಉಬ್ಬುತ್ತದೆ. ಮೊದಲ ಸಲ ನಡನೋವು ಬಂದವರಲ್ಲಿ ನೋವು ಹೋದರೂ ಸೊರಗಿದ ಮಲ್ಟಿಫಿಡಸ್ ತಾನಾಗಿ ತುಂಬಿಕೊಳ್ಳುವುದಿಲ್ಲ ಎಂದು 1996ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹಾಗಾಗಿ "ಈಗ ಆರಾಮ ಐತ್ರಿ" ಎಂದು ಹೇಳಿ ನಿಲ್ಲಿಸುವವರನ್ನು ನಾನು ಸುಮ್ನೆ ಬಿಡುವುದಿಲ್ಲ. ಅದೇ ತೋಳು ಎತ್ತುವುದನ್ನು ಮನೆಯಲ್ಲಿ ಮುಂದುವರಿಸಲು ಹೇಳುತ್ತೇನೆ. ಕತ್ತಿಗೆ, ಅಂಗಾತ ಮಲಗಿ ಗದ್ದವನ್ನು ಮೆಲ್ಲಗೆ ಒಳಕ್ಕೆ ತಂದು ಕೆಲವು ಸೆಕೆಂಡು ಹಿಡಿಯುವುದು. ಮಗ್ಗದ ಹಲಗೆಯ ಮೇಲೆ ಕೌದಿ ಮಡಚಿ ಹಾಕಿ ಕೂತರೆ ನಡ ಅಷ್ಟು ಕುಸಿಯುವುದಿಲ್ಲ.

ಕೈಗೆ ಜೋಮು ಇಳಿಯುತ್ತಿದ್ದರೆ, ಹಿಡಿತ ಸಡಿಲವಾಗಿದ್ದರೆ, ಕತ್ತು ತಿರುಗಿಸಿದಾಗ ತಲೆ ಸುತ್ತಿದರೆ, ಜ್ವರದ ಜೊತೆ ಕತ್ತು ಸೆಟೆದಿದ್ದರೆ ನಾನು ಬೆರಳಿಡುವುದಿಲ್ಲ. ಅವರನ್ನು ಕೂಡಲೇ ಡಾಕ್ಟರ ಹತ್ತಿರ ಕಳಿಸುತ್ತೇನೆ.