ಮುದ್ದೆ ಬಿಟ್ಟು ಕೀಟೋ ಶುರು ಮಾಡುವ ಮೊದಲು

ತೂಕ ಇಳಿಸಲು ಕೀಟೋ ಮಾಡಲಾ ಅಂತ ಹಲವರು ಕೇಳುತ್ತಾರೆ. ಕೀಟೋ ಅಂದ್ರೆ ಕಾರ್ಬೋಹೈಡ್ರೇಟ್ (ಪಿಷ್ಟ, ಸಕ್ಕರೆ) ತೀರಾ ಕಡಿಮೆ ಮಾಡಿ ಕೊಬ್ಬು ಜಾಸ್ತಿ ತಿನ್ನುವ ಪಥ್ಯ. ನಮ್ಮ ಕೋಲಾರದವರಿಗೆ ಅದರಲ್ಲಿ ಮೊದಲ ಪೆಟ್ಟು ಬೀಳುವುದೇ ಮುದ್ದೆಗೆ. ಕೀಟೋದಲ್ಲಿ ದಿನಕ್ಕೆ ಸುಮಾರು 20ರಿಂದ 50 ಗ್ರಾಂ ಕಾರ್ಬೋಹೈಡ್ರೇಟ್ ಅಷ್ಟೇ. 100 ಗ್ರಾಂ ರಾಗಿ ಹಿಟ್ಟಿನಲ್ಲೇ 65 ಗ್ರಾಂಗಿಂತ ಜಾಸ್ತಿ ಇದೆ. ಅಂದ್ರೆ ಒಂದು ದೊಡ್ಡ ಮುದ್ದೆಗೇ ದಿನದ ಲೆಕ್ಕ ಮುಗಿಯಿತು. ಅವರೆಕಾಳು, ಹುರುಳಿಗೂ ಜಾಗವಿಲ್ಲ. ಶ್ರೀನಿವಾಸಪುರದ ಮಾವು ಬಂದಾಗ ಬಾಯಿ ಕಟ್ಟುವುದು ಯಾರ ಕೈಲಾಗುತ್ತೆ ಹೇಳಿ!

ಮೊದಲ ವಾರ ತೂಕ ಬೇಗ ಇಳಿಯುತ್ತದೆ, ನಿಜ. ಆದರೆ ಅದರಲ್ಲಿ ಹೆಚ್ಚಿನದು ನೀರು. ಈ ಪಥ್ಯ 1920ರ ದಶಕದಲ್ಲಿ ಶುರುವಾಗಿದ್ದೇ ಫಿಟ್ಸ್ ಕಾಯಿಲೆಗೆ, ತೂಕ ಇಳಿಸಲು ಅಲ್ಲ.

ನನಗೆ ಸರಿ ಅನ್ನಿಸುವುದು ಪ್ಯಾಕೆಟ್ ತಿಂಡಿ ಬಿಟ್ಟ ಮನೆಯೂಟ. ಮುದ್ದೆ ಅರ್ಧ ಮಾಡಿ, ಬಸ್ಸಾರಿನ ಸೊಪ್ಪು, ಕಾಳಿನ ಪಲ್ಯ ಎರಡು ಪಾಲು ಹಾಕಿಕೊಳ್ಳಿ. ಸಂಜೆ ಬೇಕರಿ ಬನ್ನಿನ ಬದಲು ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ. ನಾರು ಸಿಗುತ್ತದೆ, ಹೊಟ್ಟೆಯೂ ತುಂಬುತ್ತದೆ, ಮನೆಯವರಿಗೆ ಬೇರೆ ಅಡುಗೆ ಮಾಡುವ ಕಷ್ಟವೂ ಇಲ್ಲ.

ಕೀಟೋನೇ ಬೇಕು ಅನ್ನುವವರು, ಅದರಲ್ಲೂ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಊಟ ಬದಲಾದರೆ ಡೋಸೂ ಬದಲಾಗಬೇಕಾಗುತ್ತದೆ.